ಕ್ವಾಲಾಲಂಪುರದಲ್ಲಿ ಒಂದು ಎಣ್ಣೆಸ್ನಾನ

ದಿನ: ನರಕ ಚತುರ್ದಶಿಯ ಮುನ್ನಾದಿನ, ಅಂದರೆ ನೀರು ತುಂಬುವ ಹಬ್ಬ. ಹೊತ್ತು: ಸಂಜೆ ಆರು, ಬಿಲ್ಡಿಂಗಿನ ಸೊಸೈಟಿಯವರು ನಲ್ಲಿಗೆ ನೀರು ಬಿಡುವ ಸಮಯ. ಸ್ಥಳ: ಘಾಟ್ಕೋಪರ್, ನಮ್ಮ ಮನೆಯ ಬಚ್ಚಲು. ಹಾಜರಿದ್ದವರು: ನಾನು, ನಮ್ಮವರು, ಹಬ್ಬಕ್ಕೆಂದು ಠಾಣೆಯಿಂದ ಬಂದಿರುವ ಮಗಳ ಮಗಳು ತನ್ವಿ.

ಹೀಗೆ ಶುರು ಮಾಡಿದ್ದಕ್ಕೆ ನೀವು ನಗಬಹುದು. ನಾನು ಮುಂಬಯಿಯ ಒಂದು ದೊಡ್ಡ ಆಸ್ಪತ್ರೆಯಲ್ಲಿ ವಾರ್ಡ್ ಸಿಸ್ಟರ್ ಆಗಿ ಆಯುಷ್ಯ ಕಳೆದವಳು. ದಿನ, ಹೊತ್ತು, ಹಾಜರಿ ಹೇಳದೆ ಯಾವ ಮಾತನ್ನೂ ಆರಂಭಿಸಲು ನನಗೆ ಬರುವುದಿಲ್ಲ. ನಿವೃತ್ತಿಯಾಗಿ ಎಷ್ಟೋ ವರ್ಷಗಳಾದರೂ ಬಿಲ್ಡಿಂಗಿನವರು ನನ್ನನ್ನು ಸಿಸ್ಟರ್ ಎಂದೇ ಕರೆಯುತ್ತಾರೆ. ನಾನು ಲಿಫ್ಟ್ ಹತ್ತಿದರೆ ಒರಗಿ ನಿಂತವರು ನೆಟ್ಟಗಾಗುತ್ತಾರೆ. ಕೆಲವರು ಕೇಳದೆಯೇ ನಾಲಗೆ ಚಾಚುತ್ತಾರೆ ಎಂದು ನಮ್ಮವರು ಊರೆಲ್ಲ ಹೇಳಿಕೊಂಡು ಬರುವುದು ಮಾತ್ರ ಸುಳ್ಳು. ಒಬ್ಬರು ಚಾಚಿದ್ದರು, ಅವರಿಗೆ ನಿಜವಾಗಿಯೂ ಜ್ವರವಿತ್ತು.

ಈಗ ಬಚ್ಚಲಿನ ವಿಷಯ. ಉಡುಪಿ ಕಡೆಯ ನಮ್ಮ ತಾಯಿಮನೆಯಲ್ಲಿ ನೀರು ತುಂಬುವುದೆಂದರೆ ಹಂಡೆಯನ್ನು ಹುಣಸೆಹುಳಿ, ಬೂದಿ ಹಾಕಿ ತಿಕ್ಕಿ ಫಳಫಳ ಮಾಡಿ, ಅದರ ಕುತ್ತಿಗೆಗೆ ಹಿಂಡ್ಲೆಕಾಯಿ ಎಂಬ ಕಹಿ ಕಾಡುಕಾಯಿಯ ಬಳ್ಳಿ ಸುತ್ತಿ, ಬಾವಿಯಿಂದ ಹೊಸ ನೀರು ಸೇದಿ ತುಂಬುವುದು. ಮರುದಿನ ಸೂರ್ಯ ಹುಟ್ಟುವ ಮೊದಲು ಮನೆಯವರೆಲ್ಲರಿಗೂ ಆ ನೀರಿನಲ್ಲಿ ಎಣ್ಣೆಸ್ನಾನ. ಹುಟ್ಟಿದ ಮೇಲೆ ಮಿಂದರೆ ನರಕ. ಈ ನಿಯಮದಲ್ಲಿ ನಡುವಿನ ದಾರಿ ಎಂಬುದಿಲ್ಲ. ಘಾಟ್ಕೋಪರಿನ ನಮ್ಮ ಬಚ್ಚಲಿನಲ್ಲಿ ಹಂಡೆ ಇಟ್ಟರೆ ಮನುಷ್ಯರು ಹೊರಗೆ ನಿಂತು ಮೀಯಬೇಕಾಗುತ್ತದೆ. ಹಾಗಾಗಿ ದಾದರಿನ ಮಾರ್ಕೆಟಿನಿಂದ ತಂದ ಬಳ್ಳಿಯನ್ನು ನಾನು ಗೀಸರಿಗೆ ಸುತ್ತುತ್ತೇನೆ. ಕುಂಕುಮವನ್ನೂ ಇಡುತ್ತೇನೆ. ಒಮ್ಮೆ ಹಬ್ಬ ಕಳೆದು ಗೀಸರ್ ಕೆಟ್ಟು, ರಿಪೇರಿಗೆ ಬಂದವನು ಒಣಗಿದ ಬಳ್ಳಿಯನ್ನೂ ಕುಂಕುಮವನ್ನೂ ನೋಡಿ ಕೈಮುಗಿದು, ನಂತರವೇ ಸ್ಕ್ರೂ ಬಿಚ್ಚಿದ್ದ. ಅವತ್ತು ಬಿಲ್ಲನ್ನೂ ಕಡಿಮೆ ಮಾಡಿದ.

ಈ ಸಲ ಸ್ಟೂಲು ಹತ್ತುವ ಕೆಲಸ ತನ್ವಿಯದು. ಬಳ್ಳಿ ಸುತ್ತುತ್ತಿದ್ದವಳು ಮೇಲಿನ ಹಲಗೆಗೆ ಕೈಹಾಕಿ, ಬ್ಲೀಚಿಂಗ್ ಪುಡಿಯ ಡಬ್ಬದ ಹಿಂದಿನಿಂದ ಒಂದು ಚಿಕ್ಕ ಹಸಿರು ಬಾಟಲಿಯನ್ನು ಹೊರಗೆ ತೆಗೆದಳು. ಮುಚ್ಚಳ ತೆರೆದು ಮೂಗಿಗೆ ಹಿಡಿದಳು. ಸ್ಟೂಲಿನಿಂದ ಬೀಳುವುದೊಂದು ಬಾಕಿ.

"ಅಜ್ಜಿ, ಏ ಕ್ಯಾ ಹೈ? ಕಣ್ಣಿಂದ ನೀರು ಬಂತು ಯಾರ್."

ಹೊರಗಿನ ಕೋಣೆಯಿಂದ ನಮ್ಮವರು ಕೂಗಿ ಹೇಳಿದರು: "ಅದನ್ನು ಬಿಸಾಡಬೇಡ ಮಗಾ. ಅದು ನನ್ನ ಮಂಡೆಯ ಮೇಲೆ ಕೂತ ಎಣ್ಣೆ."

ಅಲ್ಲಿಂದ ಶುರುವಾಯಿತು. ಬಕೆಟು ತುಂಬುವ ತನಕ ನನಗೂ ಬೇರೆ ಕೆಲಸವಿರಲಿಲ್ಲ. ಮಗುಚಿಟ್ಟ ಇನ್ನೊಂದು ಬಕೆಟಿನ ಮೇಲೆ ಕೂತು ತನ್ವಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ನನ್ನ ನಾದಿನಿ ಪರ್ತ್‌ನಲ್ಲಿದ್ದಾಳೆ. ಕೆಲವು ವರ್ಷಗಳ ಹಿಂದೆ ಅವಳು ಹೊಸ ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ಕರೆದಳು. ಟಿಕೆಟಿನ ಜವಾಬ್ದಾರಿ ನಮ್ಮವರು ವಹಿಸಿಕೊಂಡರು. ಅವರು ಗ್ರಾಂಟ್ ರೋಡಿನ ಒಂದು ಲಾಡ್ಜಿನಲ್ಲಿ ನಿವೃತ್ತಿಯ ತನಕ ಮ್ಯಾನೇಜರರಾಗಿದ್ದವರು. ಅಗ್ಗದ ಪ್ರಯಾಣದ ಬಗ್ಗೆ ಲಾಡ್ಜಿಗೆ ಬರುವವರಿಂದ ಕೇಳಿ ತಿಳಿದದ್ದು ಬೇಕಾದಷ್ಟಿದೆ. ತಂದ ಟಿಕೆಟು ನಿಜವಾಗಿಯೂ ಅಗ್ಗವಿತ್ತು. ಯಾಕೆ ಅಗ್ಗ ಎಂದು ನೋಡಿದರೆ, ನೀರು ತುಂಬುವ ಹಬ್ಬದ ದಿನ ಮುಂಬಯಿ ಬಿಡಬೇಕು, ರಾತ್ರಿ ಕ್ವಾಲಾಲಂಪುರದಲ್ಲಿ ತಂಗಬೇಕು, ನರಕ ಚತುರ್ದಶಿಯ ಮಧ್ಯಾಹ್ನ ಇನ್ನೊಂದು ವಿಮಾನ ಹತ್ತಬೇಕು. ಬುದ್ಧಿಯಿದ್ದವರು ಯಾರೂ ಆ ದಿನ ಮನೆ ಬಿಡುವುದಿಲ್ಲ, ಅದಕ್ಕೇ ಸೀಟು ಖಾಲಿ.

"ಎಣ್ಣೆಸ್ನಾನ?" ಎಂದು ನಾನು ಕೇಳಿದೆ.

"ಅಲ್ಲಿಯೂ ನೀರು ಉಂಟು ಮಾರಾಯ್ತಿ," ಎಂದರು ಅವರು.

ನೀವು ಒಂದು ವಿಷಯ ತಿಳಿಯಬೇಕು. ನಾನು ಹುಟ್ಟಿದ ಮೇಲೆ ಚತುರ್ದಶಿಯ ಎಣ್ಣೆಸ್ನಾನ ಒಂದು ವರ್ಷವೂ ಸೂರ್ಯ ಹುಟ್ಟಿದ ಮೇಲೆ ಆದದ್ದಿಲ್ಲ. ತರಬೇತಿಯ ದಿನಗಳಲ್ಲಿ ನರ್ಸುಗಳ ಹಾಸ್ಟೆಲಿನಲ್ಲಿ ಬಿಸಿನೀರಿಗೆ ಪಾಳಿ ಇತ್ತು. ನಾನು ಕತ್ತಲೆಯಲ್ಲೇ ಎದ್ದು ಎಣ್ಣೆ ಬಿಸಿ ಮಾಡಿದರೆ, ಪರಿಮಳಕ್ಕೆ ಕೊಟ್ಟಾಯಂನ ಏಲಿಕುಟ್ಟಿಯೂ ಗೋವೆಯ ಫಿಲೋಮಿನಾಳೂ ಎದ್ದು ಬಂದು ಸಾಲಿನಲ್ಲಿ ಕೂರುತ್ತಿದ್ದರು. ನರಕದ ವಿಷಯದಲ್ಲಿ ಎರಡೂ ಕಡೆ ಜಾಗರೂಕತೆ ಒಳ್ಳೆಯದು ಎಂದು ಫಿಲೋಮಿನಾ ಹೇಳುತ್ತಿದ್ದಳು. ರಾತ್ರಿ ಪಾಳಿ ಬಿದ್ದ ವರ್ಷವೂ ನಾನು ತಪ್ಪಿಸಲಿಲ್ಲ. ಮೇಟ್ರನ್ ಹತ್ತಿರ ಅಪ್ಪಣೆ ಪಡೆದು ಹೋಗಿ ಮಿಂದು, ಒದ್ದೆ ಕೂದಲನ್ನು ಟೋಪಿಯೊಳಗೆ ಒತ್ತಿಕೊಂಡು ಬಂದು ಬೆಳಗಿನ ಇಂಜೆಕ್ಷನ್ ಕೊಟ್ಟಿದ್ದೇನೆ. ಆ ದಿನ ವಾರ್ಡ್ ಪೂರ್ತಿ ತೆಂಗಿನೆಣ್ಣೆ ಪರಿಮಳ ಎಂದು ಡಾಕ್ಟರು ಮೂಗು ಮುರಿದರು. ರೋಗಿಗಳಿಗೆ ಹಸಿವಾಯಿತು.

ಅಂಥ ದಾಖಲೆಯನ್ನು ಒಂದು ಅಗ್ಗದ ಟಿಕೆಟಿಗೆ ಬಿಟ್ಟುಕೊಡಲು ನಾನು ಸಿದ್ಧಳಾಗಿರಲಿಲ್ಲ. ದೊಡ್ಡ ಪೆಟ್ಟಿಗೆಗಳು ನೇರ ಪರ್ತ್‌ಗೆ ಹೋಗುತ್ತವೆ ಎಂದದ್ದಕ್ಕೆ ತೆಂಗಿನೆಣ್ಣೆಯನ್ನು ಕೈಚೀಲದಲ್ಲೇ ಇಟ್ಟುಕೊಂಡೆ, ತೊಳೆದ ಕೆಮ್ಮಿನ ಔಷಧದ ದೊಡ್ಡ ಬಾಟಲಿಯಲ್ಲಿ. ಮುಂಬಯಿ ವಿಮಾನ ನಿಲ್ದಾಣದ ತಪಾಸಣೆಯ ಹುಡುಗಿ ಅದನ್ನು ಎತ್ತಿ ಬೆಳಕಿಗೆ ಹಿಡಿದಳು. "ಮಾವ್‌ಶಿ, ತೇಲ್ ನಹೀ ಜಾಯೇಗಾ," ಎಂದಳು, ಎಣ್ಣೆ ಒಯ್ಯುವಂತಿಲ್ಲವೆಂದು. ನಾನು ಹಬ್ಬದ ಕಾರಣ ಹೇಳಿದೆ. ಅವಳು ಕೇಳಿ, ತಲೆಯಾಡಿಸಿ, ತನ್ನ ಅಜ್ಜಿಯೂ ಹೀಗೇ ಎಂದು ಹೇಳಿ, ಬಾಟಲಿಯನ್ನು ತೊಟ್ಟಿಗೆ ಹಾಕಿದಳು. ನಿಯಮ ನಿಯಮವೇ. ನಾನಾದರೂ ಹಾಗೇ ಮಾಡುತ್ತಿದ್ದೆ. ಆದರೂ ವಿಮಾನದಲ್ಲಿ ಊಟ ಸೇರಲಿಲ್ಲ.

ಕ್ವಾಲಾಲಂಪುರ ತಲುಪಿದಾಗ ಸಂಜೆ. ನಮ್ಮ ಹೋಟೆಲು ಇದ್ದದ್ದು ಬ್ರಿಕ್‌ಫೀಲ್ಡ್ಸ್ ಎಂಬ ಕಡೆ, ಅದು ಅಲ್ಲಿಯ ತಮಿಳರ ಪೇಟೆ. ಟ್ಯಾಕ್ಸಿಯಿಂದ ಇಳಿದರೆ ದಾದರಿನಲ್ಲೇ ಇಳಿದ ಹಾಗಾಯಿತು. ಬೀದಿಯುದ್ದಕ್ಕೂ ದೀಪದ ಕಮಾನು, ಚಕ್ಕುಲಿಯ ಗುಡ್ಡೆ, ಮಲ್ಲಿಗೆಯ ಬುಟ್ಟಿ, ಸೀರೆಯಂಗಡಿಯ ಎದುರು ತಳ್ಳಾಟ. ಬೇರೆ ದೇಶ ಎಂಬುದಕ್ಕೆ ಒಂದೇ ಗುರುತೆಂದರೆ ರಸ್ತೆ ದಾಟುವವರಿಗೆ ಕಾರುಗಳು ನಿಲ್ಲುತ್ತಿದ್ದವು. ನಮ್ಮವರು ಅದನ್ನು ನಂಬಲಾಗದೆ ಒಂದೇ ರಸ್ತೆಯನ್ನು ಸುಮ್ಮನೆ ಇನ್ನೊಮ್ಮೆ ದಾಟಿ ಬಂದರು.

ರೂಮಿಗೆ ಬಂದವಳೇ ಮೊದಲು ಹಾಸಿಗೆ ಬಿಚ್ಚಿ ಮತ್ತೆ ಹಾಸಿದೆ. ಚಾದರದ ಮೂಲೆ ಮಡಚುವ ಕ್ರಮ ಅವರಿಗೆ ತಿಳಿದಿರಲಿಲ್ಲ. ನಂತರ ಬಚ್ಚಲು ನೋಡಿದೆ. ಬಕೆಟಿಲ್ಲ, ಚೆಂಬಿಲ್ಲ, ಮೇಲಿನಿಂದ ಮಳೆ ಸುರಿಯುವ ಒಂದು ತಟ್ಟೆ ಮಾತ್ರ. ನೀರು ತುಂಬುವ ಹಬ್ಬಕ್ಕೆ ನೀರು ತುಂಬಲು ಒಂದು ಪಾತ್ರೆಯಾದರೂ ಬೇಡವೇ? ಹುಡುಕಿದಾಗ ಸಿಕ್ಕಿದ್ದು ಐಸ್ ಹಾಕಿಡುವ ಸ್ಟೀಲಿನ ಬಕೆಟು ಮತ್ತು ಚಹಾದ ಕೆಟಲು. ಎರಡನ್ನೂ ತಿಕ್ಕಿ ತೊಳೆದೆ. ಬೀದಿಯಲ್ಲಿ ಕೊಂಡ ಮಲ್ಲಿಗೆಯನ್ನು ಐಸ್ ಬಕೆಟಿನ ಕುತ್ತಿಗೆಗೆ ಸುತ್ತಿ, ನೀರು ತುಂಬಿ, ಕುಂಕುಮ ಇಟ್ಟೆ. ಕೆಟಲಿಗೆ ಉಳಿದ ತುಂಡು ಮಾಲೆ. ಟವೆಲು ಕೊಡಲು ಬಂದ ಹೋಟೆಲಿನ ಹುಡುಗಿ ಅದನ್ನು ನೋಡಿ ತುಂಬ ಹೊತ್ತು ಬಾಗಿಲಲ್ಲೇ ನಿಂತಳು. ನಾಳೆ ಬೆಳಿಗ್ಗೆಯವರೆಗೆ ಯಾರೂ ಮುಟ್ಟಕೂಡದು ಎಂದು ಕೈಸನ್ನೆಯಲ್ಲಿ ಹೇಳಿದೆ. ಅವಳು ಹಿಂದೆ ಸರಿದು ಹೋದಳು, ಬೆನ್ನು ತೋರಿಸಲಿಲ್ಲ.

ಈ ನಡುವೆ ಎಣ್ಣೆ ತರಲು ನಮ್ಮವರನ್ನು ಕಳಿಸಿದ್ದೆ. ಇದೊಂದು ಕೆಲಸವನ್ನು ನಾನೇ ಮಾಡಬೇಕಿತ್ತು ಎಂದು ಈಗ ಎಲ್ಲರೂ ಹೇಳುತ್ತಾರೆ. ಅವರು ಚಕ್ಕುಲಿಯನ್ನೂ ಕಾಗದದ ಚೀಲದಲ್ಲಿ ಒಂದು ಚಿಕ್ಕ ಪೊಟ್ಟಣವನ್ನೂ ತಂದರು. ಪೊಟ್ಟಣದ ಮೇಲೆ ಎಲೆಯ ಚಿತ್ರ, ಮಲಯ ಭಾಷೆಯ ಬರಹ, ಬಾಯಿಗೆ ಗಟ್ಟಿ ಸೀಲು. ಅಂಗಡಿಯವನು ತಲೆಗೆ ಬಹಳ ಒಳ್ಳೆಯದೆಂದು ಹೇಳಿ ತನ್ನ ಹಣೆಯನ್ನು ತೀಡಿ ತೋರಿಸಿದನಂತೆ. ಅಷ್ಟು ಕೇಳಿ ಬೇರೆ ಯಾರಾದರೂ ಪೊಟ್ಟಣ ಒಡೆದು ನೋಡುತ್ತಿದ್ದರು. ನಾನು ನೋಡಲಿಲ್ಲ. ಸೀಲು ಮಾಡಿದ ವಸ್ತುವನ್ನು ಉಪಯೋಗಿಸುವ ಹೊತ್ತಿಗೇ ತೆರೆಯಬೇಕು, ಮೊದಲೇ ತೆರೆದಿಡಬಾರದು. ಎಷ್ಟು ತಲೆಮಾರು ನರ್ಸುಗಳಿಗೆ ನಾನು ಇದನ್ನು ಕಲಿಸಿಲ್ಲ? ಪೊಟ್ಟಣವನ್ನು ಹಾಗೆಯೇ ಐಸ್ ಬಕೆಟಿನ ಪಕ್ಕದಲ್ಲಿ ನೆಟ್ಟಗೆ ಇಟ್ಟೆ.

ಮಲಗುವ ಮುನ್ನ ನಮ್ಮವರಿಗೆ ಒಂದು ಆಸೆಯಾಯಿತು. ಬೆಳಿಗ್ಗೆ ಎಬ್ಬಿಸಲು ಹೋಟೆಲಿನವರಿಗೆ ಫೋನಿನಲ್ಲಿ ಹೇಳುತ್ತೇನೆ ಎಂದರು. "ಜನ್ಮಪೂರ್ತಿ ಬೇರೆಯವರ ಬಾಗಿಲು ಬಡಿದು ಎಬ್ಬಿಸಿದ್ದೇನೆ. ಒಂದು ಸಲ ನನ್ನನ್ನೂ ಯಾರಾದರೂ ಎಬ್ಬಿಸಲಿ."

ನಾನು ಒಪ್ಪಲಿಲ್ಲ. ನನಗೆ ಅಲಾರಂ ಎಂಬುದೇ ಇಲ್ಲ. ನಾಲ್ಕು ಗಂಟೆಗೆ ಕಣ್ಣು ತಾನಾಗಿ ತೆರೆಯುತ್ತದೆ, ಮಳೆ ಬರಲಿ, ಜ್ವರ ಬರಲಿ, ಬಂದ್ ಆಗಲಿ. ಇದರ ಬಗ್ಗೆ ನನಗೆ ಸ್ವಲ್ಪ ಹೆಮ್ಮೆ ಇದೆ ಎಂದು ನಾನು ಹೇಳುತ್ತೇನೆ. ಸ್ವಲ್ಪ ಅಲ್ಲ ಎಂದು ನಮ್ಮವರು ಹೇಳುತ್ತಾರೆ.

ಕಣ್ಣು ತೆರೆಯಿತು. ಸರಿಯಾಗಿ ನಾಲ್ಕಕ್ಕೇ ತೆರೆಯಿತು. ಗೋಡೆಯ ಗಡಿಯಾರ ನೋಡಿದರೆ ಆರೂವರೆ.

ನನ್ನ ಮೈ ಎದ್ದದ್ದು ಘಾಟ್ಕೋಪರಿನ ನಾಲ್ಕು ಗಂಟೆಗೆ. ಅದಕ್ಕೆ ಸಮುದ್ರ ದಾಟಿದ ಸಂಗತಿಯನ್ನು ಯಾರೂ ತಿಳಿಸಿರಲಿಲ್ಲ. ಪರದೆಯ ಅಂಚಿನಲ್ಲಿ ಕತ್ತಲೆ ಬೂದಿಬಣ್ಣಕ್ಕೆ ತಿರುಗಿತ್ತು. ಜನ್ಮದಲ್ಲಿ ಯಾವ ರೋಗಿಯ ಹತ್ತಿರವೂ ನಾನು ಅಷ್ಟು ವೇಗವಾಗಿ ಓಡಿರಲಿಲ್ಲ. ನಮ್ಮವರ ಹೊದಿಕೆ ಎಳೆದೆ. ಸೂರ್ಯ ಹುಟ್ಟುತ್ತಿದ್ದಾನೆ ಎಂದೆ. ಅವರು ಕಣ್ಣು ಮುಚ್ಚಿಕೊಂಡೇ ತಮ್ಮ ಕೈಗಡಿಯಾರ ನೋಡುವವರಂತೆ ಮಾಡಿದರು.

"ನಮ್ಮ ಸೂರ್ಯ ಹುಟ್ಟಲಿಕ್ಕೆ ಇನ್ನೂ ಬೇಕಾದಷ್ಟು ಹೊತ್ತುಂಟು. ನರಕಾಸುರ ನಮ್ಮ ಕಡೆಯವ ಅಲ್ವಾ? ಅವನಿಗೆ ನಮ್ಮ ಟೈಮೇ ಲೆಕ್ಕ. ಮಲಗು."

"ಎಲ್ಲಿ ನಿಂತಿದ್ದೇವೋ ಅಲ್ಲಿಯ ಸೂರ್ಯನೇ ಸೂರ್ಯ," ಎಂದೆ. "ಏಳಿ."

ಮನೆಯಲ್ಲಿ ಮಣೆ, ಹೋಟೆಲಿನಲ್ಲಿ ಕಾಲಿಡುವ ಕುರ್ಚಿ. ಅದರ ಮೇಲೆ ಅವರನ್ನು ಲುಂಗಿಯಲ್ಲಿ ಕೂರಿಸಿ, ಭುಜಕ್ಕೆ ಟವೆಲು ಹಾಕಿ, ಸೀಲು ಒಡೆದೆ. ಹಸಿರು ಬಾಟಲಿ. ವಿಮಾನದ ತಂಪಿಗೆ ನನ್ನ ಮೂಗು ಕಟ್ಟಿತ್ತು. ಅಂಗೈಗೆ ಸುರಿದೆ, ನಡುನೆತ್ತಿಗೆ ಇಟ್ಟು ತಪತಪ ಬಡಿದೆ. ಆಮೇಲೆ ನನ್ನ ಅಂಗೈ ಏನೋ ಹೇಳತೊಡಗಿತು, ಕಟ್ಟಿದ್ದ ಮೂಗೂ ತೆರೆಯಿತು. ಕರ್ಪೂರ, ನೀಲಗಿರಿ, ಗಂಟುನೋವಿಗೆ ಹಚ್ಚುವ ಇನ್ನೂ ಯಾವುದೋ ಒಂದು. ತಲೆಗೆ ಒಳ್ಳೆಯದು ಎಂದರೆ ತಲೆನೋವಿಗೆ ಒಳ್ಳೆಯದು ಎಂದು ಅಂಗಡಿಯವನ ಅರ್ಥವಾಗಿರಬೇಕು.

ನಮ್ಮವರು ಮೊದಲು ತಂಪು ಎಂದರು. ಆಮೇಲೆ ಬಿಸಿ ಎಂದರು. ಆಮೇಲೆ ತಂಪೋ ಬಿಸಿಯೋ ಗೊತ್ತಾಗುವುದಿಲ್ಲ ಎಂದರು. ಕಣ್ಣಿನಿಂದ ಧಾರೆ ಇಳಿಯಿತು. ನರಕಾಸುರನಿಗೆ ಕೃಷ್ಣ ಇಷ್ಟು ಮಾಡಿರಲಿಲ್ಲ ಎಂದರು. 

ಎಣ್ಣೆಯಿಲ್ಲ. ಹೊರಗೆ ಕೋಳಿ ಇದ್ದಿದ್ದರೆ ಕೂಗುತ್ತಿತ್ತು. ನಾನು ನೈಟಿಯ ಮೇಲೆ ದುಪಟ್ಟಾ ಹೊದ್ದು ಲಿಫ್ಟಿಗೆ ನುಗ್ಗಿದೆ. ಮುಂಬಯಿಯ ಹೆಂಗಸರಿಗೆ ಆ ವೇಷದಲ್ಲಿ ಹಾಲಿನ ಬೂತಿಗೂ ಹೋಗಬಹುದು, ಸೊಸೈಟಿಯ ಮೀಟಿಂಗಿಗೂ ಹೋಗಬಹುದು. ವಿದೇಶದ ಹೋಟೆಲಿನ ಕೆಳಗಿನ ಲಾಬಿಗೂ ಹೋಗಬಹುದೆಂದು ಅಂದು ತಿಳಿಯಿತು. ಮುಂಬಾಗಿಲ ಕಡೆ ಅಂಗಡಿಗಳೆಲ್ಲ ಹಬ್ಬಕ್ಕೆ ಮುಚ್ಚಿದ್ದವು. ಹಿಂಬಾಗಿಲಿನಿಂದ ಒಂದು ಓಣಿಗೆ ಬಂದೆ.

ಓಣಿಯಲ್ಲಿ ಹಳೆಯ ಸಾಲುಮನೆಗಳು. ಒಂದು ಮನೆಯ ಎದುರು ಬಣ್ಣದ ಅಕ್ಕಿಯ ರಂಗೋಲಿ, ಉರಿಯುವ ದೀಪ. ಜಗಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ನನಗಿಂತ ಬಹಳ ಹಿರಿಯಳಾದ ಒಬ್ಬಳು ಅಜ್ಜಿ, ಮಡಿಲಲ್ಲಿ ಎಣ್ಣೆಯ ಬಟ್ಟಲು. ಅವಳ ಎದುರು ಮಣೆ. ಮಣೆಯ ಹಿಂದೆ ಮನೆಯವರೆಲ್ಲ ಟವೆಲು ಹೊದ್ದು ಆಕಳಿಸುತ್ತ ಸಾಲು ನಿಂತಿದ್ದರು. ನೋಡಿ ನನ್ನ ಕಾಲು ತಾನಾಗಿ ನಿಂತಿತು.

ವಾರ್ಡಿಗೆ ತಮಿಳರು ಬಹಳ ಬರುತ್ತಿದ್ದುದರಿಂದ ನನಗೆ ತಮಿಳು ಬರುತ್ತದೆಂದು ನಾನು ಎಲ್ಲರಿಗೂ ಹೇಳಿಕೊಂಡಿದ್ದೆ. ಬಾಯಿ ತೆರೆದಾಗ ಗೊತ್ತಾಯಿತು, ನನಗೆ ಬರುವ ತಮಿಳು ವಾಕ್ಯಗಳೆಲ್ಲ ಹಾಸಿಗೆಯಲ್ಲಿ ಮಲಗಿದವರಿಗೆ ಹೇಳುವಂಥವು: ಬಾಯಿ ತೆರೆ, ಉಸಿರೆಳೆ, ಹೊಟ್ಟೆ ಹೋಯಿತಾ. ಅವಸರದಲ್ಲಿ ನಾಲಗೆಗೆ ಮೊದಲು ಬಂದದ್ದು, "ಎಂಗೆ ವಲಿಕ್ಕುದು?" ಎಲ್ಲಿ ನೋವು?

ಅಜ್ಜಿ ನನ್ನನ್ನು ನೋಡಿದಳು. ಮುಂಜಾನೆಯಲ್ಲಿ ನೈಟಿ ತೊಟ್ಟು ಬಂದು ನೋವು ಕೇಳುವವಳನ್ನು ದೇವರೇ ಕಳಿಸಿರಬೇಕೆಂದು ಭಾವಿಸಿದಳೋ ಏನೋ, ಸೀರೆ ಎತ್ತಿ ಬಲ ಮೊಣಕಾಲು ತೋರಿಸಿದಳು. ನಾನೂ ಬಗ್ಗಿ ಒತ್ತಿ ನೋಡಿಯೇಬಿಟ್ಟೆ. ನೀರು ತುಂಬಿತ್ತು. ಕುಕ್ಕರುಗಾಲಿನಲ್ಲಿ ಕೂತು ರಂಗೋಲಿ ಹಾಕಬಾರದು ಎಂದು ಕನ್ನಡದಲ್ಲಿ ಗದರಿದೆ. ಆಮೇಲೆ ಪೂರ್ವದ ಆಕಾಶದ ನೆನಪಾಗಿ, ಅವಳ ಬಟ್ಟಲನ್ನೂ ನನ್ನ ತಲೆಯನ್ನೂ ಮುಟ್ಟಿ ತೋರಿಸಿ, "ಎಣ್ಣೆ," ಎಂದೆ. ಅದು ಎರಡೂ ಭಾಷೆಗೆ ಸಾಕಾಗುವ ಮಾತು. ಅವಳೂ ಆಕಾಶ ನೋಡಿದಳು. ಮಣೆಯ ಮೇಲೆ ಕೂತಿದ್ದ ಹೊಟ್ಟೆ ಬಂದ ಮಗನನ್ನು ಎಬ್ಬಿಸಿ ಹಿಂದೆ ಕಳಿಸಿದಳು.

"ಉಕ್ಕಾರು," ಎಂದಳು. ಕೂತುಕೋ.

ಒಂದು ಬಟ್ಟಲು ಎಣ್ಣೆ ಕೊಟ್ಟರೆ ಸಾಕಿತ್ತು, ನಾನು ಕೇಳಿದ್ದೂ ಅಷ್ಟೇ. ಸರದಿ ತಪ್ಪಿಸುವವರನ್ನು ಜೀವಮಾನವಿಡೀ ಗದರಿಸಿದವಳು ಸರದಿಯ ಎದುರಿಗೆ ಹೋಗಿ ಕೂತೆ. ಉಗುರು ಬೆಚ್ಚಗಿನ ಎಣ್ಣೆ ನೆತ್ತಿಗೆ ಬಿತ್ತು. ಮೇಲಿನಿಂದ ಅಂಗೈ ತಪ್ಪನೆ ಬಡಿಯಿತು. ನಾನು ಏನೋ ಹೇಳಲು ತಲೆ ತಿರುಗಿಸಿದರೆ ಕೆನ್ನೆಗೊಂದು ಸಣ್ಣ ಏಟು ಕೊಟ್ಟು, "ಆಡಾದೆ," ಎಂದಳು. ಅಲ್ಲಾಡಬೇಡ.

ನಮ್ಮ ಅಮ್ಮನೂ ಹೀಗೇ ಕೊಡುತ್ತಿದ್ದಳು. ಬಚ್ಚಲಿನಲ್ಲಿ ಒಲೆಯ ಹೊಗೆ, ಕಿವಿಯ ಹಿಂದೆ ಇಳಿಯುವ ಎಣ್ಣೆ, ಕಣ್ಣಿಗೆ ಹೋಗುವ ಸೀಗೆ, ಅತ್ತರೆ ಏಟು, ಅಳದಿದ್ದರೆ ಉಜ್ಜಿದ್ದು ಸಾಲದೆಂದು ಮತ್ತೆ ಉಜ್ಜುವುದು. ಮನೆಯ ಹಿರಿಯ ಹೆಂಗಸು ಉಳಿದೆಲ್ಲರ ತಲೆಗೆ ಎಣ್ಣೆ ಹಾಕಬೇಕು. ಚಿಕ್ಕವರು ಹಿರಿಯರ ನೆತ್ತಿ ಮುಟ್ಟಬಾರದು. ಇದು ಅಮ್ಮನ ನಿಯಮ. ಅಮ್ಮ, ಅತ್ತೆ ಎಲ್ಲ ಹೋದ ಮೇಲೆ ಹಿರಿಯಳು ನಾನೇ ಆದೆ. ಎಲ್ಲರಿಗೂ ಹಾಕಿ, ಕೊನೆಗೆ ನನ್ನ ತಲೆಗೆ ನಾನೇ ಹಾಕಿಕೊಳ್ಳುವುದು. ತನ್ನ ನೆತ್ತಿಯನ್ನು ತಾನೇ ಬಡಿದುಕೊಂಡರೆ ಅದು ಕೆಲಸ ಮುಗಿಸಿದ ಹಾಗಾಗುತ್ತದೆಯೇ ಹೊರತು ಬೇರೇನೂ ಆಗುವುದಿಲ್ಲ. ಒಮ್ಮೆ ನಮ್ಮವರು, ತಾನು ಹಾಕಲೇ ಎಂದು ಕೇಳಿದ್ದರು. ಅದು ಗಂಡಸರ ಕೆಲಸವಲ್ಲ ಎಂದು ಹೇಳಿ ಕಳಿಸಿದ್ದೆ.

ಆ ಓಣಿಯಲ್ಲಿ ನನಗೆ ಅಳು ಬಂತೆಂದು ನಮ್ಮವರು ಹೇಳುತ್ತಾರೆ. ಅದು ಹಸಿರು ಬಾಟಲಿ ಮುಟ್ಟಿದ ಕೈಯಲ್ಲಿ ಕಣ್ಣೊರೆಸಿದ್ದರಿಂದ. ಅವರಂತೂ ಅಷ್ಟರಲ್ಲಿ ಕೆಂಪು ಕಣ್ಣು, ಲುಂಗಿ, ಕೈಯಲ್ಲಿ ಬಾಟಲಿ ಹಿಡಿದುಕೊಂಡು ಕೆಳಗೆ ಬಂದಿದ್ದರು. ಅಜ್ಜಿ ಅವರ ತಲೆ ಮೂಸಿ, ಬಾಟಲಿ ನೋಡಿ, ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ಹಳೆಯ ಬಟ್ಟೆಯಿಂದ ಅವರ ನೆತ್ತಿ ಒರೆಸಿ ಒಳ್ಳೆಯ ಎಣ್ಣೆ ಹಾಕಿದಳು. ಬಾಟಲಿಯಿಂದ ಸ್ವಲ್ಪ ತೆಗೆದು ತನ್ನ ಮೊಣಕಾಲಿಗೆ ಸವರಿಕೊಂಡು, ವಸ್ತು ಚೆನ್ನಾಗಿದೆ ಎಂಬಂತೆ ತಲೆಯಾಡಿಸಿ ಹಿಂದೆ ಕೊಟ್ಟಳು. ಉಳಿದವರ ತಲೆಗೂ ಚಕಚಕನೆ ಎಣ್ಣೆ ಬಿತ್ತು.

ಎಲ್ಲರದ್ದೂ ಮುಗಿದ ಮೇಲೆ ಅಜ್ಜಿ ಕುರ್ಚಿಯಿಂದ ಇಳಿದು ತಾನೇ ಮಣೆಯ ಮೇಲೆ ಕೂತು ಜಡೆ ಬಿಚ್ಚಿದಳು. ಸಾಲಿನ ಕೊನೆಯಿಂದ ಮುಂದಿನ ಹಲ್ಲು ಬಿದ್ದ ಮರಿಮಗಳು ಬಂದು, ಬಟ್ಟಲಿಗೆ ಕೈ ಅದ್ದಿ, ಅರ್ಧ ಎಣ್ಣೆಯನ್ನು ಅಜ್ಜಿಯ ಮೂಗಿನ ಮೇಲೆ ಬೀಳಿಸಿ, ಉಳಿದದ್ದನ್ನು ನೆತ್ತಿಗೆ ಬಡಿದಳು. ಅಜ್ಜಿ ಕಣ್ಣು ಮುಚ್ಚಿ ಕೂತಿದ್ದಳು.

ಚಿಕ್ಕವರು ಹಿರಿಯರ ತಲೆ ಮುಟ್ಟಬಹುದೇ ಎಂದು ನಾನು ಆ ಅಜ್ಜಿಯ ಸೊಸೆಯನ್ನು ಇಂಗ್ಲಿಷಿನಲ್ಲಿ ಕೇಳಿದೆ. ಅವಳು ಅತ್ತೆಗೆ ತಮಿಳಿನಲ್ಲಿ ಹೇಳಿದಳು. ಅಜ್ಜಿ ಕಣ್ಣು ತೆರೆಯದೆ ಉತ್ತರ ಕೊಟ್ಟಳು. ಸೊಸೆ ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುವುದಾದರೆ ಇಷ್ಟು: "ಮೇಲೆ ಯಾರೂ ಉಳಿಯಲಿಲ್ಲ ಎಂದರೆ ಕೆಳಗಿನಿಂದ ಶುರು ಮಾಡಬೇಕು."

ಆಕಾಶ ಬೆಳ್ಳಗಾಗುತ್ತಿತ್ತು, ಓಡಿದೆವು. ಎಣ್ಣೆ ಸುರಿಯುವ ಎರಡು ತಲೆಗಳು ಹೋಟೆಲಿನ ಲಿಫ್ಟಿನಲ್ಲಿ ಹತ್ತಿದಾಗ ಸೂಟುಕೇಸು ಹಿಡಿದಿದ್ದ ಒಬ್ಬ ಬಿಳಿಯ ದೊರೆ ಗೋಡೆಗೆ ಅಂಟಿಕೊಂಡ. ರೂಮಿಗೆ ಬಂದು ಕೆಟಲಿನ ಬಿಸಿನೀರನ್ನು ಐಸ್ ಬಕೆಟಿಗೆ ಬೆರೆಸಿ, ಚಹಾದ ಕಪ್ಪಿನಲ್ಲಿ ಮೊಗೆದು ಮೊದಲು ಅವರಿಗೆ, ನಂತರ ನನಗೆ ಸುರಿದೆ. ಕಪ್ಪಿನಲ್ಲಿ ಎಣ್ಣೆಸ್ನಾನ ಮಾಡುವುದೆಂದರೆ ಚಮಚದಲ್ಲಿ ಸಮುದ್ರ ಬತ್ತಿಸಿದ ಹಾಗೆ. ಉಳಿದದ್ದಕ್ಕೆ ಮೇಲಿನ ಮಳೆಯನ್ನೇ ಬಿಟ್ಟೆ. ಒಳಗಿದ್ದ ಹೊತ್ತಿನಲ್ಲಿ ಹೊರಗಿನಿಂದ ನಮ್ಮವರು ಕೇಳಿದರು, ಪರದೆ ಸರಿಸಿ ಸೂರ್ಯ ಬಂದನೋ ನೋಡಲೇ ಎಂದು. ಪರದೆ ಮುಟ್ಟಿದರೆ ನೋಡಿ ಎಂದೆ.

ಹಾಗಾಗಿ ನನ್ನ ದಾಖಲೆ ಇಂದಿಗೂ ಸ್ವಚ್ಛವಾಗಿದೆ. ಸೂರ್ಯ ಹುಟ್ಟಿದ್ದನ್ನು ನೋಡಿದವರು ಯಾರೂ ಇಲ್ಲ.

ನಮ್ಮವರ ತಲೆ ಪರ್ತ್ ತಲುಪುವ ತನಕ ತಂಪಾಗಿಯೇ ಇತ್ತು. ವಿಮಾನದಲ್ಲಿ ಅವರ ಸುತ್ತಲಿನವರಿಗೆ ಯಾರಿಗೂ ನೆಗಡಿ ಉಳಿಯಲಿಲ್ಲ. ಹಿಂದಿರುಗುವಾಗ ಬಾಟಲಿಯನ್ನು ದೊಡ್ಡ ಪೆಟ್ಟಿಗೆಯಲ್ಲಿ ಹಾಕಿ ಮನೆಗೆ ತಂದದ್ದು ಅವರೇ.

ಇಷ್ಟು ಹೇಳುವಷ್ಟರಲ್ಲಿ ಘಾಟ್ಕೋಪರಿನಲ್ಲಿ ಬಕೆಟು ಯಾವಾಗಲೋ ತುಂಬಿ ಹರಿಯುತ್ತಿತ್ತು. ನೀರು ಪೋಲು ಮಾಡಬೇಡಿ ಎಂದು ಸೊಸೈಟಿಯ ನೋಟೀಸ್ ಬೋರ್ಡಿನಲ್ಲಿ ಚೀಟಿ ಅಂಟಿಸಿದವಳು ನಾನೇ. ನಲ್ಲಿ ಮುಚ್ಚಿದೆ. ತನ್ವಿ ಸ್ಟೂಲಿನ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದಳು.

"ಬಟ್ ಅಜ್ಜಿ, ವಾಪಸ್ ಬಂದ ಮೇಲೆ ನಿಮ್ಗೆ ಕೌನ್ ಹಾಕಿದ್ರು?"

"ನಾನೇ."

"ಲಾಸ್ಟ್ ಇಯರ್ ಭೀ?"

"ಪ್ರತಿ ವರ್ಷ ನಾನೇ. ನಮ್ಮಲ್ಲಿ ನಿಯಮ ಹಾಗೆ."

ಅವಳು ಎದ್ದು ಹಸಿರು ಬಾಟಲಿಯನ್ನು ಮತ್ತೆ ಹಲಗೆಯ ಮೇಲಿಟ್ಟಳು. ಆಮೇಲೆ, "ಆ ದಾದೀ ಕಾ ರೂಲ್ ಬೆಟರ್ ಹೈ ನಾ," ಎಂದಳು. "ಕೆಳಗೆ ಅಂದ್ರೆ ನಾನೇ ಅಲ್ವಾ? ನಾಳೆ ನಾನ್ ಹಾಕ್ತೇನೆ."

ನಿಯಮ ಬದಲಿಸುವ ಮೊದಲು ಯೋಚಿಸಬೇಕು. ನಾನು ಎದ್ದು ಎಣ್ಣೆಯ ಬಟ್ಟಲು ತೊಳೆದು ಒರೆಸಿದೆ. ನಾಳೆಯ ತೆಂಗಿನೆಣ್ಣೆ ಅಳೆದು ಹಾಕಿ ತಟ್ಟೆ ಮುಚ್ಚಿದೆ. ಮುಚ್ಚುವ ಮೊದಲು ಮೂಸಿ ನೋಡಿದೆ. ಆ ಒಂದು ನಿಯಮ ಮಾತ್ರ ಕ್ವಾಲಾಲಂಪುರದಲ್ಲೇ ಬದಲಾಗಿತ್ತು. ಪಕ್ಕದ ಮನೆಯ ಮರಾಠಿ ಕಾಕೂ ಕೊಟ್ಟ, ಮೈಗೆ ಉಜ್ಜುವ ಉಟಣೆಯ ಪುಡಿಯನ್ನು ಪಕ್ಕದಲ್ಲಿಟ್ಟೆ. ಮಣೆ ಹಾಕಿದೆ. ಸ್ನಾನಕ್ಕೆ ಮೊದಲು ನರಕಾಸುರನೆಂದು ಕಾಲಿನಲ್ಲಿ ಮೆಟ್ಟಿ ಒಡೆಯುವ ಹಿಂಡ್ಲೆಕಾಯಿಗಳನ್ನು ಬಾಗಿಲ ಬಳಿ ಸಾಲಾಗಿ ಇಟ್ಟೆ. ದೇವರಿಗೂ ತುಳಸಿಗೂ ದೀಪ ಹಚ್ಚಿದೆ. ಮಾಡಲು ಬೇರೇನೂ ಉಳಿಯಲಿಲ್ಲ. ಆಗ ತನ್ವಿಯ ಕೈ ನೋಡಿದೆ.

ಉಗುರುಗಳು ಉದ್ದವಾಗಿದ್ದವು. ಹಬ್ಬಕ್ಕೆಂದು ನೇರಳೆ ಬಣ್ಣ ಹಚ್ಚಿ, ಮೇಲೆ ಮಿಂಚಿನ ಚುಕ್ಕೆಗಳನ್ನೂ ಅಂಟಿಸಿಕೊಂಡಿದ್ದಳು.

"ಈ ಉಗುರಿನಲ್ಲಿ ನನ್ನ ತಲೆ ಮುಟ್ಟಲಿಕ್ಕಿಲ್ಲ," ಎಂದೆ. "ಕತ್ತರಿ ತಾ."

ಚೌಕಾಸಿ ನಡೆಯಿತು. ನಾಳೆ ಫೋಟೋ ಉಂಟು, ಗೆಳತಿಯರು ಬರುತ್ತಾರೆ, ಬಣ್ಣ ಹಚ್ಚಲು ಇಡೀ ಮಧ್ಯಾಹ್ನ ಹೋಗಿದೆ ಎಂದೆಲ್ಲ ಅವಳು ಹೇಳಿದಳು. ಕೊನೆಗೆ ಬಲಗೈ ನನಗೆ, ಎಡಗೈ ಫೋಟೋಗೆ ಎಂದು ತೀರ್ಮಾನವಾಯಿತು. ಅವಳು ಕತ್ತರಿ ತಂದು ಬಲಗೈಯನ್ನು ನನ್ನ ಮಡಿಲಲ್ಲಿಟ್ಟಳು.

ನಮ್ಮವರು ಪೇಪರಿನ ಮೇಲಿನಿಂದ ಇಣುಕಿ ನೋಡಿದರು. "ದೀಪ ಹಚ್ಚಿ ಆಗಿದೆ ಮಾರಾಯ್ತಿ. ಸೂರ್ಯ ಮುಳುಗಿದ ಮೇಲೆ ಉಗುರು ತೆಗೆಯುವುದಾ? ನಿನ್ನ ಅಮ್ಮ ಇದ್ದಿದ್ದರೆ ಎಂತ ಹೇಳುತ್ತಿದ್ದರು?"

ಅಮ್ಮ ಏನು ಹೇಳುತ್ತಿದ್ದಳೆಂದು ನನಗೆ ಗೊತ್ತು. ನಾನು ಹೆಬ್ಬೆರಳಿನಿಂದ ಶುರು ಮಾಡಿದೆ.

"ಲಂಡನ್ನಿನಲ್ಲಿ ಇನ್ನೂ ಮಧ್ಯಾಹ್ನ," ಎಂದೆ.

ಅವರು ಪೇಪರು ಕೆಳಗಿಟ್ಟು ನಕ್ಕರು, ತುಂಬ ಹೊತ್ತು ನಕ್ಕರು. ನಾನು ತಲೆ ಎತ್ತಲಿಲ್ಲ. ಬಲಗೈಯ ಉಗುರುಗಳನ್ನೆಲ್ಲ ಮಾಂಸಕ್ಕೆ ತಾಗದಂತೆ ತೆಗೆದು, ಅಂಚು ಉಜ್ಜಿ ನುಣ್ಣಗೆ ಮಾಡಿ, ನನ್ನ ಕೆನ್ನೆಗೆ ಒತ್ತಿಕೊಂಡು ನೋಡಿದೆ. ಚುಚ್ಚಲಿಲ್ಲ. ನೇರಳೆ ಚೂರುಗಳನ್ನು ಕಾಗದದಲ್ಲಿ ಮಡಚಿ ಡಬ್ಬಕ್ಕೆ ಹಾಕಿ, ಕತ್ತರಿ ಒರೆಸಿ ಅದರ ಜಾಗದಲ್ಲಿ ಇಟ್ಟೆ.